ಮೀಟರ್ ರಂಗಪ್ಪನ ಎಂಜಲು ತಂತಿ

ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಎಂಬುದನ್ನು ರಂಗಪ್ಪ ನಾಲಿಗೆಯಿಂದ ನೋಡುತ್ತಿದ್ದ. ಒಂದು ಕೈಯನ್ನು ಗಾಡಿಯ ಕಬ್ಬಿಣಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತಂತಿಯ ಸುಲಿದ ತುದಿ ಹಿಡಿದು, ಎಲೆಅಡಿಕೆ ತಿಂದು ತಿಂದು ದಪ್ಪಗಟ್ಟಿದ್ದ ಕೆಂಪು ನಾಲಿಗೆಯನ್ನು ಗಲ್ಲದವರೆಗೂ ಚಾಚಿ ಅದರ ಮೇಲೆ ತಂತಿ ಇಡುತ್ತಿದ್ದ. ಸಾರಿಗೆ ಉಪ್ಪು ಸಾಕೋ ಎಂದು ನೋಡುವವರ ಹಾಗೆ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ. ಆಮೇಲೆ "ಹುಳಿ ಐತೆ" ಅಥವಾ "ಸಪ್ಪೆ" ಎನ್ನುತ್ತಿದ್ದ. ಹುಳಿ ಎಂದರೆ ಕರೆಂಟು ಬರುತ್ತಿದೆ, ಸಪ್ಪೆ ಎಂದರೆ ತಂತಿ ಎಲ್ಲೋ ತುಂಡಾಗಿದೆ. ಹೇಳಿ ಮುಗಿಸಿ, ಕೆಂಪು ಎಂಜಲು ಅಂಟಿದ ಅದೇ ತಂತಿಯನ್ನು "ಇಡ್ಕಳಮ್ಮ" ಎಂದು ನನ್ನ ಕೈಗೆ ಕೊಡುತ್ತಿದ್ದ. ನಾನು ಮುಖ ತಿರುಗಿಸಿ, ಸೆರಗಿಗೆ ಒರೆಸಿ ಹಿಡಿದುಕೊಳ್ಳುತ್ತಿದ್ದೆ. ಹೀಗೆ ಒಂಬತ್ತು ವರ್ಷ ಹಿಡಿದುಕೊಂಡೆ.

ಕಾರು ಹತ್ತಿದ ಕೂಡಲೇ ಅಜ್ಜಿ ಮುಂದಕ್ಕೆ ಬಗ್ಗಿ ಮೀಟರು ನೋಡುತ್ತಾಳೆ ಎಂದು ನೀವಿಬ್ಬರೂ ನಗುತ್ತೀರಿ. ಅಜ್ಜಿಗೆ ಅದೇ ಟೀವಿ ಎಂದು ಮೊನ್ನೆ ಚಿಕ್ಕವನು ಅಂದ. ನಾಲ್ಕು ಜನರ ಎದುರು ಬಾಯಿ ತೆರೆದು ಹೇಳಲು ನನಗೆ ಬರುವುದಿಲ್ಲ, ಅದು ನಿಮಗೂ ಗೊತ್ತು. ಅದಕ್ಕೆ ಬರೆದಿಡುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮಮ್ಮನಿಗೆ ಆರು ವರ್ಷ. ಶಾಂತಿಗ್ರಾಮದ ಪಕ್ಕದ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸು ಓದಿದ್ದೇ ನನ್ನ ವಿದ್ಯೆ. ಹಾಸನದಲ್ಲಿ ಹೊಳೆನರಸೀಪುರ ರಸ್ತೆಗೆ ಸೇರುವ ಒಂದು ಓಣಿಯಲ್ಲಿ ರೂಮು ಹಿಡಿದು, ಹೂ ಕಟ್ಟಿ ಅಂಗಡಿಗಳ ದೇವರ ಪಟಕ್ಕೆ ಕೊಡುತ್ತಿದ್ದೆ. ಓಣಿಯ ತುಂಬ ಗಾಡಿ ರಿಪೇರಿಯವರು. ಗಂಡಸರು ಕೂತಿರುವ ಅಂಗಡಿಗಳ ಒಳಗೆ ಹೋಗಲು ನಾಚಿಕೆಯಾಗಿ, ಹೂವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹಾಗೇ ಬಂದುಬಿಡುತ್ತಿದ್ದೆ.

ರಂಗಪ್ಪನ ಅಂಗಡಿಯ ಚಿಲಕಕ್ಕಂತೂ ಮೂಗು ಮುಚ್ಚಿಕೊಂಡು ಸಿಕ್ಕಿಸಬೇಕಿತ್ತು. ಬಾಗಿಲ ಹಿಂದೆ ಆತ ಉಗುಳುವ ಆಯಿಲ್ ಡಬ್ಬ. ಗುರಿ ಸರಿಯಿಲ್ಲದೆ ಅರ್ಧ ಗೋಡೆಗೆ ಬೀಳುತ್ತಿತ್ತು. ಮೀಟರಿನ ತಿರುಪು ಬಿಚ್ಚುವ ಸಣ್ಣ ಸ್ಕ್ರೂಡ್ರೈವರಿನಲ್ಲೇ ಕಿವಿ ಕೆರೆದುಕೊಳ್ಳುತ್ತಿದ್ದ. ಎಡಗೈ ಹೆಬ್ಬೆರಳಿನ ಉಗುರನ್ನು ಅರ್ಧ ಇಂಚು ಬೆಳೆಸಿದ್ದ. ಮೀಟರಿನ ಮುಳ್ಳು ಎತ್ತುವುದಕ್ಕೂ ಹಲ್ಲಿನ ಸಂದಿಯ ಅಡಿಕೆ ತೆಗೆಯುವುದಕ್ಕೂ ಅದೊಂದೇ ಉಗುರು. ಆದರೂ ಅರಕಲಗೂಡು, ಚನ್ನರಾಯಪಟ್ಟಣದಿಂದೆಲ್ಲ ಗಾಡಿಗಳು ಆ ಬಾಗಿಲಿಗೇ ಬರುತ್ತಿದ್ದವು. ಸತ್ತ ಮೀಟರನ್ನು ಎಬ್ಬಿಸುವವರು ಈ ಕಡೆ ಇನ್ನೊಬ್ಬರಿರಲಿಲ್ಲ.

ಒಂದು ದಿನ ಮಳೆ ಬಂದು, ಅವನ ಅಂಗಡಿಯ ಜಗಲಿಯಲ್ಲೇ ಕೂತು ಕಾಕಡ ಹೂ ಕಟ್ಟುತ್ತಿದ್ದೆ. ಆತ ಒಳಗಿನಿಂದ ನನ್ನ ಕೈಯನ್ನೇ ನೋಡುತ್ತಿದ್ದ. ಕೊನೆಗೆ ಎದ್ದು ಬಂದು ಕೇಳಿದ.

"ನಿನ್ನೆಸ್ರು ಏನಮ್ಮ?"

"ಜಯಮ್ಮ."

"ಬೆರಳು ನಡುಗಲ್ಲ ನಿಂಗೆ. ನನ್ನವು ನೋಡು, ಮುಳ್ಳು ಕೂರ್ಸಕ್ಕೋದ್ರೆ ಅರಳಿ ಎಲೆ ಅಂಗೆ ಅಳ್ಳಾಡ್ತವೆ. ಒಳಗೆ ಬಂದು ಕೂತ್ಕ. ಹೂವಿಗಿಂತ ಮೇಲು."

ನಾನು ಏನೂ ಹೇಳಲಿಲ್ಲ. ಆತ ಅದನ್ನೇ ಒಪ್ಪಿಗೆ ಎಂದುಕೊಂಡ. ಮಾರನೆಯ ದಿನ ಹೋಗಿ ಕೂತೆ.

ಆತ ಕಲಿಸಿದ್ದನ್ನು ಮಾತ್ರ ಹೊಲಸು ಎನ್ನಲಾರೆ. ಡ್ರೈವರ್ ಎದುರಿಗೆ ಇರುವ ಆ ಹಲಗೆಗೆ ಮೀಟರ್ ಬೋರ್ಡ್ ಎನ್ನುತ್ತಿದ್ದೆವು. "ಇದ್ಕೆ ಕಣ್ಣೂ ಇಲ್ಲ, ಕಿವೀನೂ ಇಲ್ಲ ಕಣಮ್ಮ. ಬ್ಯಾರೆಯೋರು ಏಳಿದ್ನ ಏಳ್ತದೆ, ಅಷ್ಟೆಯ" ಎಂದು ಶುರುಮಾಡಿದ್ದ. ಪೆಟ್ರೋಲ್ ಟ್ಯಾಂಕಿನ ಒಳಗೆ ಒಂದು ಬೆಂಡು ತೇಲುತ್ತಿರುತ್ತದೆ. ಪೆಟ್ರೋಲ್ ಇಳಿದ ಹಾಗೆ ಬೆಂಡು ಇಳಿಯುತ್ತದೆ, ಅದಕ್ಕೆ ಸೇರಿದ ತಂತಿಯಲ್ಲಿ ಬರುವ ಕರೆಂಟು ಹೆಚ್ಚು ಕಡಿಮೆ ಆಗುತ್ತದೆ, ಮುಳ್ಳು ಅಷ್ಟಕ್ಕೆ ತಕ್ಕಂತೆ ವಾಲುತ್ತದೆ. ಎಂಜಿನ್ನಿನ ನೀರಿನಲ್ಲಿ ಒಂದು ಪುಟ್ಟ ಬಿರಡೆ ಕೂತು ಬಿಸಿ ಎಷ್ಟು ಎಂದು ಹೇಳಿಕಳಿಸುತ್ತದೆ. ಹಳೆಯ ಗಾಡಿಗಳಲ್ಲಿ ವೇಗ ತಿಳಿಯಲು ಗೇರ್ ಪೆಟ್ಟಿಗೆಯಿಂದ ಮೀಟರಿನವರೆಗೆ ಒಂದು ಕೇಬಲ್ ತಿರುಗುತ್ತಿತ್ತು. ಎರಡು ಸಾವಿರದ ಇಸವಿಯ ಈಚೆಗೆ ಬಂದವುಗಳಲ್ಲಿ ಕೇಬಲ್ಲೇ ಇಲ್ಲ. ಗೇರ್ ಪೆಟ್ಟಿಗೆಯ ಬಳಿ ಕೂತ ಒಂದು ಸೆನ್ಸರ್, ಚಕ್ರ ಸುತ್ತಿದ ಹಾಗೆಲ್ಲ ನಾಡಿಯ ಮಿಡಿತದ ಥರ ಒಂದೊಂದು ಮಿಡಿತ ಕಳಿಸುತ್ತದೆ. ಬೋರ್ಡಿನ ಮೇಲಿರುವ ಚಿಪ್ ಎಂಬ ಕರಿ ಬಿಲ್ಲೆ ಆ ಮಿಡಿತಗಳನ್ನು ಎಣಿಸಿ ವೇಗವನ್ನೂ ಕಿಲೋಮೀಟರನ್ನೂ ಹೇಳುತ್ತದೆ. ಕಿಲೋಮೀಟರಿನ ಅಂಕಿ ಎಂಟು ಕಾಲಿನ ಇನ್ನೊಂದು ಚಿಪ್ಪಿನಲ್ಲಿ ಉಳಿದಿರುತ್ತದೆ, ಬ್ಯಾಟರಿ ಬಿಚ್ಚಿದರೂ ಅಳಿಸುವುದಿಲ್ಲ. ಬರಬರುತ್ತ ಬೋರ್ಡು ಹೇಳುವುದರ ಜೊತೆಗೆ ಮಾಡಿಸುವುದನ್ನೂ ಕಲಿಯಿತು. ಬಾಗಿಲು ಸರಿಯಾಗಿ ಹಾಕದಿದ್ದರೆ ಕೂಗುವುದು, ಕೀ ತನ್ನದಲ್ಲದಿದ್ದರೆ ಎಂಜಿನ್ ಏಳದ ಹಾಗೆ ತಡೆಯುವುದು, ಇವೆಲ್ಲ ಕೆಲವು ಗಾಡಿಗಳಲ್ಲಿ ಅದರ ಕೆಲಸವೇ ಆಯಿತು. ಮಿಡತೆಯ ಕಾಲಿನಂಥ ಆ ಚಿಪ್ಪಿನ ಕಾಲುಗಳಿಗೆ ಬೆಸುಗೆ ಹಾಕುವುದು ನನ್ನ ಪಾಲಿಗೆ ಬಂತು. ಹೂವಿನ ದಾರ ಎಳೆದ ಬೆರಳಿಗೆ ಅದು ಕಷ್ಟವೆನಿಸಲಿಲ್ಲ.

ದೀಪಗಳ ವಿಷಯ ಬಂದರೆ ರಂಗಪ್ಪ ಬೇರೆಯೇ ಮನುಷ್ಯನಾಗುತ್ತಿದ್ದ. ಯಾವ ಗಾಡಿ ಬಂದರೂ ಮೊದಲು ಕೀಯನ್ನು ಅರ್ಧ ತಿರುವಿ, ಎಂಜಿನ್ ಎಬ್ಬಿಸದೆ ದೀಪಗಳನ್ನು ನೋಡುತ್ತಿದ್ದ.

"ಇದು ಹಾಜರಿ ಕಣಮ್ಮ. ಕೀ ತಿರುವಿದ ತಕ್ಷಣ ಎಲ್ಲಾ ದೀಪಾನೂ ಎದ್ದು ಹಾಜರ್ ಅನ್ಬೇಕು. ಎಂಜಿನ್ ಎದ್ದ ಮ್ಯಾಲೆ ಒಂದೊಂದೇ ಸುಮ್ಕಾಗ್ಬೇಕು. ಹಾಜರಿ ಏಳದೋನು ಸತ್ತವ್ನೆ. ಸುಮ್ಕಾಗದೋನಿಗೆ ಏನೋ ನೋವೈತೆ."

ಒಮ್ಮೆ ಚನ್ನರಾಯಪಟ್ಟಣದ ಕಡೆಯ ಹಾಲಿನ ವ್ಯಾನಿನವನು ಮುಳ್ಳು ಅಲ್ಲಾಡುತ್ತದೆ ಎಂದು ಬಂದ. ಬೋರ್ಡಿನ ಗಾಜಿನ ಮೇಲೆ ಒಂದು ಕಡೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿದ್ದ. ರಂಗಪ್ಪ ಉಗುರಿನಿಂದ ಎಬ್ಬಿಸಿದ. ಕೆಳಗೆ ಆಯಿಲ್ಲಿನ ಕೆಂಪು ದೀಪ ಉರಿಯುತ್ತಿತ್ತು.

"ಇದೇನ್ಲಾ ಇದು?"

"ಕಣ್ಣಿಗೊಡೀತದೆ ಕಣಣ್ಣ, ಓಡ್ಸಕ್ಕಾಗಲ್ಲ."

"ನಿನ್ನೆಂಡ್ರು ಎದೆನೋವು ಅಂದ್ರೆ ಅವಳ ಬಾಯ್ಗೂ ಇದ್ನೇ ಅಂಟಿಸ್ತೀಯಾ? ಅಸಯ್ಯದ ನನ್ಮಗ್ನೆ. ಇಳಿಲಾ ಕೆಳಕ್ಕೆ."

ಕೀ ಕಿತ್ತು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡು, ಮೆಕ್ಯಾನಿಕ್ಕು ಬಂದು ಆಯಿಲ್ ನೋಡುವವರೆಗೂ ಕೊಡಲೇ ಇಲ್ಲ. ಆ ದಿನ ಆತ ಉಗುಳಿದ್ದೂ ನನಗೆ ಅಷ್ಟು ಹೇಸಿಗೆ ಎನಿಸಲಿಲ್ಲ.

ಇದೇ ರಂಗಪ್ಪ ಬ್ರೋಕರುಗಳಿಗೆ ಕಿಲೋಮೀಟರು ಹಿಂದಕ್ಕೆ ಸರಿಸಿಕೊಡುತ್ತಿದ್ದ. ಲಕ್ಷ ಓಡಿದ ಕಾರು ಅವನ ಬೆಂಚಿನ ಮೇಲೆ ಒಂದು ಮಧ್ಯಾಹ್ನ ಕಳೆದು ನಲವತ್ತು ಸಾವಿರಕ್ಕೆ ಇಳಿದು ಹೋಗುತ್ತಿತ್ತು. ಮೊದಲ ಸಲ ನಾನು ಕೈ ಹಿಂದಕ್ಕೆ ಎಳೆದುಕೊಂಡಾಗ ಆತ ನಕ್ಕ. "ವಯಸ್ಸು ಮುಚ್ಚಿಡೋದು ಸುಳ್ಳಲ್ಲ ಕಣಮ್ಮ. ಮೀಸೆಗೆ ಬಣ್ಣ ಆಕಲ್ವಾ ಜನ? ರೋಗ ಮುಚ್ಚಿಡೋದು ಸುಳ್ಳು. ಅದ್ನ ಈ ರಂಗಪ್ಪ ಮಾಡಲ್ಲ." ನಾನು ಅದನ್ನು ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತು. ಮಗಳು ಹೈಸ್ಕೂಲಿಗೆ ಬಂದಿದ್ದಳು.

ಬ್ರೋಕರ್ ಚಂದ್ರು ಎಂಬುವನು ಚನ್ನರಾಯಪಟ್ಟಣದಿಂದ ಬರುತ್ತಿದ್ದ. ಮೈತುಂಬ ಸೆಂಟು ಸುರಿದುಕೊಂಡು, ನಗುವಾಗ ಎದುರಿನವರ ತೋಳು ಹಿಸುಕುವವನು. ನಾನು ಸೇರಿದ ಒಂಬತ್ತನೇ ವರ್ಷದಲ್ಲಿ ಅವನು ಒಂದು ಬಿಳಿ ಕಾರು ತಂದ. ಎಂಜಿನ್ ಬಿಸಿಯಾದ ಮೇಲೆ ಆಯಿಲ್ ದೀಪ ಮಿಣುಕುತ್ತಿತ್ತು. ಆಯಿಲ್ ಪಂಪು ಸವೆದಿತ್ತು, ಅದನ್ನು ಸರಿಮಾಡಲು ಎಂಜಿನ್ ಬಿಚ್ಚಬೇಕಿತ್ತು.

"ಬಲ್ಬ್ ಕಿತ್ತಾಕು ರಂಗಪ್ಪಣ್ಣ."

"ಹಾಜರಿ ಏಳದೇ ಓದ್ರೆ ತಗಳೋನಿಗೆ ಗೊತ್ತಾಗ್ತದೆ ಕಣ್ಲಾ."

"ಹಾಜರೀನೂ ಏಳಂಗೆ ಮಾಡು. ನಿನ್ನ ಕೈಲಾಗದ್ದು ಏನೈತೆ? ಆಗಲ್ಲ ಅಂದ್ರೆ ಏಳ್ಬುಡು, ನಮ್ಮ ಹುಡುಗ್ರೆಲ್ಲಾ ಇನ್ನು ಬ್ಯಾರೆ ಕಡೆ ಓಗ್ತಾರೆ."

ರಂಗಪ್ಪ ಬಹಳ ಹೊತ್ತು ಅಗಿಯುತ್ತ ನಿಂತಿದ್ದ. ಆಮೇಲೆ ನನ್ನ ಬೆಂಚಿನ ಬಳಿ ಬಂದು, ಬೋರ್ಡಿನ ಹಿಂಬದಿಯಲ್ಲಿ ಎರಡು ಜಾಗ ಉಗುರಿನಿಂದ ತೋರಿಸಿದ. "ಇಲ್ಲಿ ಕೆರೆದು ಬುಡು. ಇಲ್ಲಿಂದ ಇಲ್ಲಿಗೆ ಸೇರಿಸು." ಹೇಳಿ ಟೀ ಅಂಗಡಿಗೆ ನಡೆದ. ನನ್ನ ಮುಖ ನೋಡಲಿಲ್ಲ.

ಅವನು ಹೇಳಿದ್ದು ಏನೆಂದು ನನಗೆ ಆ ಕ್ಷಣವೇ ತಿಳಿಯಿತು. ಬ್ಯಾಟರಿಯ ದೀಪವೂ ಆಯಿಲ್ ದೀಪದ ಹಾಗೆಯೇ ಕೀ ತಿರುವಿದಾಗ ಹತ್ತಿ, ಎಂಜಿನ್ ಎದ್ದ ಮೇಲೆ ಆರುತ್ತದೆ. ಆಯಿಲ್ ದೀಪಕ್ಕೆ ಎಂಜಿನ್ನಿನಿಂದ ಬರುವ ದಾರಿ ಕೆರೆದುಹಾಕಿ, ಬ್ಯಾಟರಿಯ ದಾರಿಗೆ ಸೇರಿಸಿದರೆ ಎರಡೂ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತವೆ. ಹಾಜರಿ ಸರಿಯಾಗಿ ಹೇಳುತ್ತದೆ. ಆದರೆ ಎಂಜಿನ್ನಿನಲ್ಲಿ ಒಂದು ತೊಟ್ಟು ಆಯಿಲ್ ಓಡದಿದ್ದರೂ ಆ ದೀಪಕ್ಕೆ ಸುದ್ದಿ ಮುಟ್ಟುವುದಿಲ್ಲ. ಬ್ಲೇಡಿನಲ್ಲಿ ಒಂದು ಗೆರೆ, ಅಕ್ಕಿಕಾಳಿನಷ್ಟು ಬೆಸುಗೆ. ಐದು ನಿಮಿಷದ ಕೆಲಸ. ಯಾರೂ ಕೈ ಹಿಡಿದು ಮಾಡಿಸಲಿಲ್ಲ. ನಾನೇ ಮಾಡಿದೆ, ಚೆನ್ನಾಗಿಯೇ ಮಾಡಿದೆ.

ನಾಲ್ಕು ದಿನದ ಮೇಲೆ ಅದೇ ಕಾರು ಮತ್ತೆ ಬಾಗಿಲಿಗೆ ಬಂತು. ಜೊತೆಗೆ ಕೊಣನೂರಿನ ನಾಗೇಶಯ್ಯ ಎಂಬ ನಿವೃತ್ತ ಮೇಷ್ಟ್ರು. ಅವರ ಹೆಂಡತಿಗೆ ಮೂತ್ರಪಿಂಡದ ತೊಂದರೆ. ವಾರಕ್ಕೆರಡು ಸಲ ರಕ್ತ ಶುದ್ಧಿ ಮಾಡಿಸಲು ಹಾಸನಕ್ಕೆ ಕರೆದುಕೊಂಡು ಬರಬೇಕು, ಬಸ್ಸಿನಲ್ಲಿ ಆಕೆಗೆ ಕೂರಲಾಗುವುದಿಲ್ಲ. ಅದಕ್ಕಾಗಿ ಕಾರು. ಮೀಟರ್ ರಂಗಪ್ಪ ನೋಡಿ ಸರಿ ಎಂದರೆ ಕೊಳ್ಳುತ್ತೇನೆ ಎಂದು ಅವರೇ ಹಟ ಹಿಡಿದು ತಂದಿದ್ದರು. ಚಂದ್ರು ಹಿಂದೆ ನಿಂತು ಹಲ್ಲು ಬಿಡುತ್ತಿದ್ದ.

ರಂಗಪ್ಪ ಕೀ ತಿರುವಿ, ಯಾಂತ್ರಿಕವಾಗಿ ತನ್ನ ಹಾಜರಿಯ ಮಾತು ಹೇಳಿದ. ಮೇಷ್ಟ್ರಿಗೆ ಅದು ಬಹಳ ಹಿಡಿಸಿತು. ಮೂವತ್ತು ವರ್ಷ ಹಾಜರಿ ಕರೆದವರು.

"ಎಲ್ಲವೂ ಹತ್ತಿದವು, ಎಲ್ಲವೂ ಆರಿದವು. ಹಾಗಾದರೆ ತಗೊಳ್ಳಬಹುದು ಅಂತೀರಾ?"

ರಂಗಪ್ಪ ಉಗುಳಲು ಎದ್ದು ಬಾಗಿಲ ಹಿಂದೆ ಹೋದ. ಮೇಷ್ಟ್ರು ನನ್ನ ಕಡೆ ತಿರುಗಿದರು.

"ನೀವು ಹೇಳಿಯಮ್ಮ. ನೀವೂ ಇದೇ ಕೆಲಸ ಮಾಡೋರಲ್ವೇ? ಸರಿಯಾಗಿದೆ ತಾನೇ?"

ನಾನು ನೆಲ ನೋಡಿದೆ. ಆಮೇಲೆ ಹೌದೆಂದು ತಲೆ ಆಡಿಸಿದೆ. ಮಾತು ಕೂಡ ಅಲ್ಲ, ಬರೀ ತಲೆ.

ಎರಡು ತಿಂಗಳಾಗಿರಬೇಕು. ಅರಕಲಗೂಡು ದಾಟಿ ಹಾಸನದ ಕಡೆ ಬರುವಾಗ ಆ ಕಾರಿನ ಎಂಜಿನ್ ಒಮ್ಮೆಗೇ ಹಿಡಿದುಕೊಂಡು ನಿಂತುಹೋಯಿತು. ಆಕೆಯನ್ನು ಆಸ್ಪತ್ರೆಗೆ ತರುತ್ತಿದ್ದ ದಿನ. ಬಿಸಿಲಿನಲ್ಲಿ ಎರಡು ಗಂಟೆ ಕೂತು, ಉಸಿರು ಕಟ್ಟಿ, ಕೊನೆಗೆ ಆಲೂಗೆಡ್ಡೆ ಮೂಟೆಯ ಟೆಂಪೊ ಒಂದರಲ್ಲಿ ಆಕೆಯನ್ನು ಮಲಗಿಸಿಕೊಂಡು ಬಂದರು. ಆಕೆ ಉಳಿದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಇದೆಲ್ಲ ತಿಳಿದದ್ದು ಮೇಷ್ಟ್ರು ಅಂಗಡಿಗೆ ಬಂದು ಹೇಳಿದಾಗ.

ಜಗಳಕ್ಕೆ ಬಂದರೆಂದು ನಾನು ಗೋಡೆಗೆ ಅಂಟಿ ಕೂತೆ. ಅವರು ಚೀಲದಿಂದ ಒಂದು ಮಕ್ಕಳ ನೋಟ್‌ಬುಕ್ ತೆಗೆದು ನನ್ನ ಬೆಂಚಿನ ಮೇಲೆ ಇಟ್ಟರು. ಒಳಗೆ ಪಟ್ಟಿಯಿಟ್ಟು ಎಳೆದ ಗೆರೆಗಳು. ಮೇಲೆ ಸಾಲಾಗಿ ಆಯಿಲ್, ಬ್ಯಾಟರಿ, ಬ್ರೇಕ್, ಎಂಜಿನ್ ಎಂದು ಬರೆದು, ಕಾರು ಹೊರಟ ಪ್ರತಿ ದಿನದ ಎದುರು ಒಂದೊಂದಕ್ಕೂ ಹಾಜರಿ ಹಾಕಿದ್ದರು. ಒಂದು ದಿನವೂ ಬಿಟ್ಟಿರಲಿಲ್ಲ. ಎಂಜಿನ್ ನಿಂತ ದಿನದ ಎದುರೂ ಆಯಿಲ್ ಹಾಜರಿತ್ತು.

"ರಂಗಪ್ಪನವರು ಹೇಳಿದ ಹಾಗೇ ದಿನಾ ನೋಡಿದ್ದೇನಮ್ಮ. ದಾರಿಯಲ್ಲೂ ನೋಡುತ್ತಿದ್ದೆ. ದೀಪ ಹತ್ತಲೇ ಇಲ್ಲ. ಮೆಕ್ಯಾನಿಕ್ಕು ಆಯಿಲ್ ಓಡದೆ ಹೋಗಿದೆ ಅಂತಾನೆ. ನಾನು ನೋಡಿದ್ದರಲ್ಲಿ ಎಲ್ಲಿ ತಪ್ಪಿದೆ, ಸ್ವಲ್ಪ ತೋರಿಸಿ. ಅವಳಿಗೆ ಮುಖ ತೋರಿಸಲು ಆಗುತ್ತಿಲ್ಲ ನನಗೆ."

ತಪ್ಪು ತಮ್ಮದೆಂದು ಅವರು ನಂಬಿಕೊಂಡಿದ್ದರು. ರಂಗಪ್ಪ ಬಾಗಿಲಲ್ಲಿ ನಿಂತು ಅಗಿಯುತ್ತಿದ್ದ. ಆತ ಏನಾದರೂ ಹೇಳಲಿ ಎಂದು ಕಾದೆ. ಬಾಯಿ ಅಗಿಯುವುದನ್ನು ನಿಲ್ಲಿಸಲಿಲ್ಲ. ಆ ಚಪ್ಪರಿಸುವ ಸದ್ದು ಕೇಳುತ್ತ ಕೂತವಳಿಗೆ ಒಮ್ಮೆಲೇ ಆ ಎಂಜಲೆಲ್ಲ ನನ್ನ ಬಾಯಲ್ಲೇ ಇದ್ದ ಹಾಗೆ ಆಯಿತು.

"ನಿಮ್ಮ ತಪ್ಪಲ್ಲ ಮೇಷ್ಟ್ರೇ" ಎಂದೆ. ದನಿ ನನ್ನದೇ ಎಂದು ನನಗೇ ಗುರುತು ಸಿಗಲಿಲ್ಲ. "ಅದು ಹತ್ತೋ ಹಂಗೆ ಇರಲಿಲ್ಲ. ಎಂಜಿನ್ ದಾರಿ ಕಡಿದು ಬ್ಯಾಟರಿ ದೀಪಕ್ಕೆ ಸೇರಿಸಿದ್ದೆ. ನಾನೇ ಮಾಡಿದ್ದು."

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಲಿಲ್ಲ, ಮತ್ತೆ ಹಾಕಿಕೊಂಡರು. ನೋಟ್‌ಬುಕ್ ಚೀಲಕ್ಕೆ ಸೇರಿಸಿದರು. "ಆವತ್ತು ನೀವು ತಲೆ ಆಡಿಸಿದ್ರಲ್ಲಮ್ಮ" ಎಂದರು. ಮೆಟ್ಟಿಲಿಳಿದು ಹೋದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಅವರು ಓಣಿ ದಾಟುವುದನ್ನು ರಂಗಪ್ಪ ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಡಬ್ಬಕ್ಕೆ ಉಗುಳಿ ಬಂದ.

"ಬೆರಳು ನೋಡಿ ನಿನ್ನ ಕೆಲಸಕ್ಕಿಟ್ಕಂಡೆ ಅಂದ್ಕಂಡಿದ್ಯಾ? ಬೆರಳು ಊರೆಲ್ಲಾ ಸಿಕ್ತವೆ. ಬಾಯಿ ಬುಡದೋಳು ಅಂತ ಇಟ್ಕಂಡಿದ್ದೆ. ಅದೂ ಓಯ್ತು."

ಒಂಬತ್ತು ವರ್ಷ ನಾನು ನನ್ನ ಬೆರಳ ಬಗ್ಗೆ ಒಳಗೊಳಗೇ ಹೆಮ್ಮೆ ಪಟ್ಟಿದ್ದೆ. ನನ್ನ ಊಟದ ಡಬ್ಬಿ ಎತ್ತಿಕೊಂಡು ಹೊರಟೆ. ಮನೆಗೆ ಬಂದು ಕೈ ತೊಳೆದೆ, ಮತ್ತೆ ತೊಳೆದೆ. ಅವನ ಮೇಲಿನ ಅಸಹ್ಯ ಯಾವುದು, ನನ್ನ ಮೇಲಿನದು ಯಾವುದು ಎಂದು ಬೇರೆ ಮಾಡಲಾಗಲಿಲ್ಲ.

ಆಮೇಲೆ ಹೊಳೆನರಸೀಪುರದಲ್ಲಿ ನನ್ನ ತಂಗಿಯ ಮನೆಯ ಪಕ್ಕ ಸೇರಿಕೊಂಡೆವು. ಅಲ್ಲಿನ ಒಬ್ಬರು ಎಲೆಕ್ಟ್ರಿಷಿಯನ್ ಬೋರ್ಡುಗಳನ್ನು ಮನೆಗೇ ಕಳಿಸುತ್ತಿದ್ದರು. ದೀಪ ಮುಚ್ಚುವ ಕೆಲಸವನ್ನೂ ಅಂಕಿ ಇಳಿಸುವ ಕೆಲಸವನ್ನೂ ಮಾಡುವುದಿಲ್ಲ ಎಂದು ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದೆ, ಬಾಯಲ್ಲಿ ಹೇಳಲು ಧೈರ್ಯವಿರಲಿಲ್ಲ. ನಿಮ್ಮಮ್ಮ ಡಿಗ್ರಿ ಮುಗಿಸಿದ್ದು ಅದರಲ್ಲೇ. ರಂಗಪ್ಪ ಒಂದು ದಿನ ಕೊಣನೂರಿಗೆ ಹೋಗಿ, ಬೋರ್ಡು ಸರಿಮಾಡಿ, ತಾನೇ ಮುಂದೆ ನಿಂತು ಎಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸಿಕೊಟ್ಟನಂತೆ ಎಂದು ಯಾರೋ ಹೇಳಿದರು. ನಿಜವೋ ಸುಳ್ಳೋ ತಿಳಿಯದು. ನಿಜವಾದರೂ ನನ್ನ ಹೇಸಿಗೆಯೇನೂ ಕಡಿಮೆಯಾಗಲಿಲ್ಲ.

ಆತನನ್ನು ಕೊನೆಯ ಸಲ ಕಂಡದ್ದು ನಾಲ್ಕು ವರ್ಷದ ಮೇಲೆ. ಒಂದು ಬೆಳಿಗ್ಗೆ ಹಾಸನಕ್ಕೆ ಹೋಗಲು ಹೊಳೆನರಸೀಪುರ ಬಸ್‌ಸ್ಟ್ಯಾಂಡಿನ ಹೊರಗೆ ನಿಂತಿದ್ದ ವ್ಯಾನು ಹತ್ತಿದೆ. ಮುಂದಿನ ಸೀಟಿನಲ್ಲಿ ಮಫ್ಲರ್ ಸುತ್ತಿಕೊಂಡ ಒಬ್ಬ ಮುದುಕ. ಅಗಿಯುವ ದವಡೆ ನೋಡಿ ಗುರುತು ಹಿಡಿದೆ. ಆತನೂ ಕನ್ನಡಿಯಲ್ಲಿ ನನ್ನನ್ನು ಕಂಡ, ಕಾಣದವನ ಹಾಗೆ ಕೂತ. ಎಂಟು ಜನ ತುಂಬಿದ ಮೇಲೆ ಡ್ರೈವರ್ ಕೀ ತಿರುವಿದ. ಬ್ಯಾಟರಿ ಹತ್ತಿತು, ಬ್ರೇಕ್ ಹತ್ತಿತು. ಆಯಿಲ್ ಹತ್ತಲಿಲ್ಲ.

ರಂಗಪ್ಪ ಮೀಟರಿನ ಕಡೆಯೇ ನೋಡುತ್ತಿದ್ದ. ಈಗ ಹೇಳುತ್ತಾನೆ ಎಂದುಕೊಂಡೆ. ಆತ ಕಿಟಕಿಯ ಕಡೆ ಮುಖ ತಿರುಗಿಸಿದ. ವ್ಯಾನಿನ ತುಂಬ ಗಂಡಸರು. ನಾನು ಮುಂದಿನ ಸೀಟು ಹಿಡಿದು ಬಗ್ಗಿದೆ.

"ಆಯಿಲ್ ದೀಪ ಹತ್ತಲಿಲ್ಲ" ಎಂದೆ.

"ಅದು ಯಾವಾಗ್ಲೂ ಅಂಗೇಯ. ಬಲ್ಬ್ ಓಗೈತೆ, ಕೂತ್ಕಳಿ ಸುಮ್ಕೆ" ಎಂದ ಡ್ರೈವರ್. "ಇವತ್ತು ನಮ್ಗೆ ಮೇಡಮ್ಮು ಮೆಕಾನಿಕ್ಕು ಸಿಕ್ಕವ್ರೆ." ಹಿಂದೆ ಇಬ್ಬರು ನಕ್ಕರು.

ರಂಗಪ್ಪ ತಿರುಗದೆಯೇ ಮಾತಾಡಿದ. "ನಗಬ್ಯಾಡ್ರೋ. ಆ ಯಮ್ಮ ಬಾಯಿ ಬುಡೋಳಲ್ಲ. ಬುಟ್ಟವಳೆ ಅಂದ್ರೆ ಎಲ್ರೂ ಇಳಿದ್ಬುಡಿ."

ಆ ವ್ಯಾನಿನಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಆತ ನಿಧಾನವಾಗಿ ಕೆಳಗಿಳಿದು ಸೀಟು ಎತ್ತಿ ಕೈ ಹಾಕಿದ. ಎಂಜಿನ್ನಿನಿಂದ ಯಾರೋ ಕಿತ್ತುಬಿಟ್ಟಿದ್ದ ಒಂದು ತಂತಿ ಕೈಗೆ ಬಂತು. ಎಡಗೈ ವ್ಯಾನಿನ ಕಬ್ಬಿಣಕ್ಕೆ ಒತ್ತಿ, ಆ ಕೆಂಪು ನಾಲಿಗೆಯನ್ನು ಚಾಚಿ, ತಂತಿಯನ್ನು ಅದರ ಮೇಲಿಟ್ಟು ಕಣ್ಣು ಮುಚ್ಚಿದ. ಹಿಂದೆ ಯಾರೋ "ಥೂ" ಎಂದರು.

"ಹುಳಿ ಐತೆ. ಬಲ್ಬ್ ಓಗಿಲ್ಲ, ಬದುಕವ್ನೆ" ಎಂದ. ಮೊದಲ ಸಲ ನನ್ನ ಕಡೆ ತಿರುಗಿ ತಂತಿ ಚಾಚಿದ. "ಇಡ್ಕಳಮ್ಮ. ಕಬ್ಬಿಣಕ್ಕೆ ಮುಟ್ಟಿಸು."

ಎಲ್ಲರೂ ನೋಡುತ್ತಿದ್ದರು. ನಾನು ಇಳಿದು ಬಂದು ತಂತಿ ಹಿಡಿದು ಎಂಜಿನ್ನಿನ ಮೈಗೆ ಮುಟ್ಟಿಸಿದೆ. ಮೀಟರಿನಲ್ಲಿ ಆಯಿಲ್ ದೀಪ ಕೆಂಪಗೆ ಹತ್ತಿತು. ತಂತಿಯನ್ನು ಅದರ ಜಾಗಕ್ಕೆ ಸಿಕ್ಕಿಸಿ ಎಂಜಿನ್ ಎಬ್ಬಿಸಿದರೂ ಆ ದೀಪ ಆರಲಿಲ್ಲ, ಒಳಗೆ ಆಯಿಲ್ ಸರಿಯಾಗಿ ಓಡುತ್ತಿರಲಿಲ್ಲ. ಡ್ರೈವರ್ ಏನೋ ಗೊಣಗಿದ. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು.

ನಾವಿಬ್ಬರೂ ಬಸ್‌ಸ್ಟ್ಯಾಂಡಿನ ಒಂದೇ ಕಲ್ಲುಬೆಂಚಿನ ಎರಡು ತುದಿಯಲ್ಲಿ ಕೂತು ಬಸ್ಸಿಗೆ ಕಾದೆವು. ಆತ ಕಂಬದ ಬುಡಕ್ಕೆ ಎರಡು ಸಲ ಉಗುಳಿದ. ಬಸ್ಸು ಬಂದಾಗ ಆತ ಮುಂದಿನ ಬಾಗಿಲಲ್ಲಿ ಹತ್ತಿದ, ನಾನು ಹಿಂದಿನದರಲ್ಲಿ. ಮುಂದಿನ ಮಳೆಗಾಲ ಮುಗಿಯುವುದರೊಳಗೆ ರಂಗಪ್ಪ ಹೋದ ಎಂದು ಸುದ್ದಿ ಬಂತು.

ಆ ದಿನ ಬಸ್ಸಿನಲ್ಲಿ ಕೂತು ಟಿಕೆಟ್ ತೆಗೆದುಕೊಳ್ಳುವಾಗ ನನ್ನ ಬೆರಳು ಕೆಂಪಗಿರುವುದು ಕಂಡಿತು. ವ್ಯಾನಿನ ಬಳಿ ತಂತಿಯನ್ನು ಸೆರಗಿಗೆ ಒರೆಸಿರಲಿಲ್ಲ. ಮನೆಗೆ ಬಂದು ಮೂರು ಸಲ ಸೋಪು ಹಚ್ಚಿ ತೊಳೆದೆ.